ಚಿಗಳಿಯ ರುಚಿ, ಬದುವಿನ ಮರ

(ಯಮಕನಮರಡಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪರಿಸರದ ಸಭೆಯೆಂದರೆ ಅಂಕಿಅಂಶಗಳ ಭಾಷಣವೆಂಬ ಅಂಜಿಕೆ ಬೇಡ. ಇಂದಿನ ಮಾತು ತಿನ್ನುವುದರಿಂದಲೇ ಆರಂಭವಾಗುತ್ತದೆ. ಪ್ರತಿಯೊಬ್ಬರ ಕೈಗೂ ಎರಡು ತಿನಿಸುಗಳು ಬಂದಿವೆ. ಒಂದು, ಯಾವ ಊರಿನ ಯಾವ ಅಂಗಡಿಯಲ್ಲಾದರೂ ದೊರೆಯುವ, ಹೊಳೆಯುವ ಹಾಳೆಯಲ್ಲಿ ಸುತ್ತಿದ, ಮಾವಿನಕಾಯಿ ರುಚಿಯ ಪೆಪ್ಪರಮೆಂಟು. ಇನ್ನೊಂದು, ಜೋಳದ ದಂಟಿನ ತುಂಡಿಗೆ ಒತ್ತಿದ ಕಂದು ಬಣ್ಣದ ಉಂಡೆ. ಇದು ಹುಣಸೆಹಣ್ಣಿನ ಚಿಗಳಿ. ಎಳ್ಳು ಬೆಲ್ಲ ಕುಟ್ಟಿ ಮಾಡುವ ಚಿಗಳಿ ಬೇರೆ, ಇದು ಬೇರೆ. ಸಭೆಯಲ್ಲಿರುವ ಹಿರಿಯರಿಗೆ ಇದರ ಹೆಸರು ಕೇಳಿದ ಕೂಡಲೇ ಬಾಯಲ್ಲಿ ನೀರೂರಿರಬೇಕು. ಮಕ್ಕಳಲ್ಲಿ ಅನೇಕರಿಗೆ ಮಾತ್ರ ಇದು ಮೊದಲ ಪರಿಚಯ. ಒಂದು ಕಾಲಕ್ಕೆ ಶಾಲೆಯ ಗೇಟಿನ ಬಳಿ ಬುಟ್ಟಿಯಿಟ್ಟು ಕೂರುತ್ತಿದ್ದ ಅಜ್ಜಿಯ ಸರಕು ಇಂದು ಅದೇ ಶಾಲೆಯ ಮಕ್ಕಳಿಗೆ ಅಪರೂಪದ ವಸ್ತುವಾಗಿದೆ. ಇಂದಿನ ಮಾತಿಗೆ ಈ ಬದಲಾವಣೆಯೇ ವಿಷಯ.

ಮೂಗು ಹಿಡಿದು ಒಂದು ಪ್ರಯೋಗ

ಮೊದಲು ಮೂಗನ್ನು ಎರಡು ಬೆರಳುಗಳಿಂದ ಬಿಗಿಯಾಗಿ ಹಿಡಿದು ಪೆಪ್ಪರಮೆಂಟನ್ನು ಬಾಯಲ್ಲಿ ಹಾಕಿಕೊಳ್ಳಿರಿ. ಬಾಯಿ ಮುಚ್ಚಿ ಹತ್ತರವರೆಗೆ ಎಣಿಸಿರಿ. ನಾಲಿಗೆಗೆ ತಿಳಿಯುವುದು ಎರಡೇ: ಸಿಹಿ ಮತ್ತು ಹುಳಿ. ಮಾವು ಎಲ್ಲಿಯೂ ಇಲ್ಲ. ಈಗ ಮೂಗು ಬಿಡಿರಿ. ಒಮ್ಮೆಲೇ ಮಾವಿನಕಾಯಿ ಬಂದು ನಿಂತಿತಲ್ಲವೇ?

ಶರೀರಶಾಸ್ತ್ರದ ಒಂದು ದೊಡ್ಡ ಪಾಠ ಈ ಚಿಕ್ಕ ಪ್ರಯೋಗದಲ್ಲಿದೆ. ಜನರು ರುಚಿ ಎಂದು ಕರೆಯುವುದರಲ್ಲಿ ಬಹುಪಾಲು ಪರಿಮಳವೇ ಆಗಿರುತ್ತದೆ. ನಾಲಿಗೆ ಸಿಹಿ, ಹುಳಿ, ಉಪ್ಪು, ಕಹಿಗಳಂತಹ ಕೆಲವೇ ಮೂಲ ರುಚಿಗಳನ್ನು ಗುರುತಿಸುತ್ತದೆ. ಮಾವನ್ನು ಬಾಳೆಯಿಂದ, ಬಾಳೆಯನ್ನು ನೇರಳೆಯಿಂದ ಬೇರ್ಪಡಿಸಿ ತಿಳಿಸುವುದು, ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಗಾಳಿ. ಆದುದರಿಂದ ಯಾರಾದರೂ ಆ ಗಾಳಿಯಲ್ಲಿ ತೇಲುವ ವಸ್ತುವನ್ನು ಮಾತ್ರ ತಯಾರಿಸಿದರೆ ಸಾಕು, ಹಣ್ಣು ಬೇಕಾಗುವುದಿಲ್ಲ.

ಮಿಠಾಯಿ ಕಾರ್ಖಾನೆಯ ಕೆಲಸ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ. ಸಕ್ಕರೆ ಮತ್ತು ಗ್ಲೂಕೋಸ್ ಪಾಕವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ನೀರಿನ ಅಂಶ ಬಹುತೇಕ ಹೋಗಿ ಪಾಕ ಗಾಜಿನಂತೆ ಗಟ್ಟಿಯಾಗುವ ಹದಕ್ಕೆ ಬರುತ್ತದೆ. ತುಸು ತಣಿದ ಮೇಲೆ ಹುಳಿ, ಬಣ್ಣ ಮತ್ತು ಪರಿಮಳದ ಎಸೆನ್ಸ್ ಬೆರೆಸಿ ಅಚ್ಚಿಗೆ ಹಾಕುತ್ತಾರೆ. ಐಸೊಅಮೈಲ್ ಅಸಿಟೇಟ್ ಎಂಬ ಒಂದೇ ರಾಸಾಯನಿಕ ಬಾಳೆಹಣ್ಣಿನ ವಾಸನೆ ಕೊಡುತ್ತದೆ; ಈಥೈಲ್ ಬ್ಯುಟಿರೇಟ್ ಅನಾನಸಿನದು; ಮಿಥೈಲ್ ಆಂಥ್ರನಿಲೇಟ್ ದ್ರಾಕ್ಷಿಯದು. ಇವೆಲ್ಲ ಹಣ್ಣುಗಳಲ್ಲಿಯೂ ಸಹಜವಾಗಿ ಇರುವಂಥವೇ. ಆದರೆ ನಿಜವಾದ ಹಣ್ಣಿನಲ್ಲಿ ಇಂತಹ ನೂರಾರು ಪರಿಮಳಗಳು ಕೂಡಿರುತ್ತವೆ. ಕಾರ್ಖಾನೆ ಅವುಗಳಲ್ಲಿ ಕೆಲವನ್ನು ಆರಿಸಿಕೊಳ್ಳುತ್ತದೆ. ಬಯಲುಸೀಮೆಯ ಮಕ್ಕಳು ತಲೆಮಾರುಗಳಿಂದ ಪೆಪ್ಪರಮೆಂಟನ್ನು ಲಿಂಬಿಹುಳಿ ಎಂದು ಕರೆದಿದ್ದಾರೆ. ಹೆಸರಿನಲ್ಲಿರುವ ಲಿಂಬೆ ಪೆಪ್ಪರಮೆಂಟಿನಲ್ಲಿ ಇರಲೇಬೇಕೆಂದಿಲ್ಲ.

ಹುಳಿಯ ಕಥೆ ಇನ್ನೂ ಸ್ವಾರಸ್ಯಕರ. ಪೆಪ್ಪರಮೆಂಟಿನ ಸಿಟ್ರಿಕ್ ಆಮ್ಲ ಹಿಂದೆ ಲಿಂಬೆಯಿಂದಲೇ ಬರುತ್ತಿತ್ತು. 1917ರಲ್ಲಿ ಅಮೆರಿಕದ ಜೇಮ್ಸ್ ಕರಿ ಎಂಬ ವಿಜ್ಞಾನಿ ಒಂದು ಬಗೆಯ ಕಪ್ಪು ಬೂಷ್ಟು ಸಕ್ಕರೆಯನ್ನು ತಿಂದು ಸಿಟ್ರಿಕ್ ಆಮ್ಲವನ್ನು ಹೇರಳವಾಗಿ ಕೊಡುತ್ತದೆಂದು ತೋರಿಸಿದನು. ಅಂದಿನಿಂದ ಜಗತ್ತಿನ ಹುಳಿ ಲಿಂಬೆಯ ತೋಟವನ್ನು ಬಿಟ್ಟು ಹುದುಗಿನ ತೊಟ್ಟಿಗೆ ಬಂದಿತು. ಆ ತೊಟ್ಟಿಗೆ ಹಾಕುವುದು ಕಬ್ಬಿನ ಕಾಕಂಬಿ ಇಲ್ಲವೇ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಸಕ್ಕರೆ. ಅಂದರೆ ಪೆಪ್ಪರಮೆಂಟಿನಲ್ಲಿ ಸಿಹಿ ಯಾವ ಬೆಳೆಯಿಂದ ಬಂದಿದೆಯೋ ಹುಳಿಯೂ ಅದೇ ಬೆಳೆಯಿಂದ ಬಂದಿರಬಹುದು. ಒಂದೇ ಬೆಳೆ ಎರಡು ವೇಷ ಹಾಕಿದೆ. ಮೂರನೆಯ ವೇಷವನ್ನು ಪ್ರಯೋಗಶಾಲೆ ತೊಡಿಸಿದೆ.

ಇಷ್ಟರಿಂದ ಪೆಪ್ಪರಮೆಂಟು ವಿಷವೆಂದು ಯಾರೂ ತಿಳಿಯಬಾರದು. ಕಾನೂನು ಒಪ್ಪಿದ ಬಣ್ಣ, ಪರಿಮಳಗಳನ್ನು ಮಿತಿಯಲ್ಲಿ ಬಳಸುವುದಕ್ಕೆ ಅವಕಾಶವಿದೆ. ಮಿತಿ ಮೀರಿದಾಗ, ಇಲ್ಲವೇ ಒಪ್ಪದ ಬಣ್ಣ ಸೇರಿದಾಗ ಅಪಾಯ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರ ಬೊಂಬಾಯಿ ಮಿಠಾಯಿಯಲ್ಲಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿದ್ದು ಅದಕ್ಕಾಗಿಯೇ. ಪರೀಕ್ಷೆಗೆ ಒಳಪಡಿಸಿದ ಮಾದರಿಗಳಲ್ಲಿ ಬಟ್ಟೆ ಮತ್ತು ಕಾಗದಕ್ಕೆ ಬಳಸುವ ರೋಡಮೈನ್-ಬಿ ಎಂಬ ಬಣ್ಣ ಕಂಡುಬಂದಿತ್ತು. ವಿದ್ಯಾರ್ಥಿಗಳು ಮಿಠಾಯಿಯ ಹಾಳೆಯನ್ನು ಎಸೆಯುವ ಮೊದಲು ಒಮ್ಮೆ ಓದಬೇಕು. 330 ಎಂದಿದ್ದರೆ ಸಿಟ್ರಿಕ್ ಆಮ್ಲ. 102 ಎಂದರೆ ಟಾರ್ಟ್ರಜೀನ್ ಎಂಬ ಹಳದಿ. 110 ಎಂದರೆ ಸನ್‌ಸೆಟ್ ಯೆಲ್ಲೊ ಎಂಬ ಕಿತ್ತಳೆ ಬಣ್ಣ. ಹಣ್ಣಿನ ಚಿತ್ರ ದೊಡ್ಡದಾಗಿಯೂ ಈ ಅಂಕಿಗಳು ಸಣ್ಣದಾಗಿಯೂ ಅಚ್ಚಾಗಿರುತ್ತವೆ.

ಹಣ್ಣಿನ ಅನುಕರಣೆ ಈ ಸೀಮೆಗೆ ಹೊಸದೇನಲ್ಲ. ನೆರೆಯ ಗೋಕಾಕದ ಕುಶಲಕರ್ಮಿಗಳು ಹಗುರವಾದ ಮರದಲ್ಲಿ ಮಾವು, ಬಾಳೆ, ಸೀತಾಫಲಗಳನ್ನು ಕೆತ್ತಿ ಬಣ್ಣ ಬಳಿದು, ನೋಡಿದವರು ಕೈಚಾಚುವಂತೆ ಮಾಡಿದ್ದಾರೆ. ಆ ಕಲೆಗೆ ನಾಡೆಲ್ಲ ಹೆಸರಿದೆ. ಆದರೆ ಮರದ ಹಣ್ಣು ತನ್ನನ್ನು ತಿನ್ನಿರೆಂದು ಹೇಳುವುದಿಲ್ಲ; ಮುಟ್ಟಿದೊಡನೆ ತಾನು ಗೊಂಬೆಯೆಂದು ಒಪ್ಪಿಕೊಳ್ಳುತ್ತದೆ. ಅದೇ ಗೋಕಾಕದ ಕರದಂಟು ಇನ್ನೊಂದು ಬಗೆಯ ಪ್ರಾಮಾಣಿಕತೆಯುಳ್ಳದ್ದು. ಕರಿದ ಅಂಟು ಎಂಬ ಅದರ ಹೆಸರಿನಲ್ಲಿಯೇ ಮರ ಅಡಗಿದೆ. ಅಂಟು ಒಸರುವ ಮರ ಇಲ್ಲದಿದ್ದರೆ ಆ ಸಿಹಿಗೆ ಹೆಸರೂ ಇಲ್ಲ, ಅಗಿತವೂ ಇಲ್ಲ.

ಇನ್ನೊಂದು ಕೈಯಲ್ಲಿರುವುದು

ಈಗ ಚಿಗಳಿಗೆ ಬರೋಣ. ಇದನ್ನೂ ಮೂಗು ಹಿಡಿದೇ ಬಾಯಿಗಿಡಿರಿ. ಮೂಗು ಮುಚ್ಚಿದ್ದರೂ ನಾಲಿಗೆಗೆ ಬಿಡುವಿಲ್ಲ. ಮೊದಲು ಉಪ್ಪು ತಾಗುತ್ತದೆ, ಹಿಂದೆಯೇ ದವಡೆಯ ಮೂಲೆ ಹಿಂಡುವಂತಹ ಹುಳಿ, ಆಮೇಲೆ ಬೆಲ್ಲ, ಕೊನೆಗೆ ಗಂಟಲಲ್ಲಿ ಖಾರ. ಹಲ್ಲಿಗೆ ನಾರು ಸಿಗುತ್ತದೆ. ಮೂಗು ಬಿಟ್ಟ ಮೇಲೆ ಹುರಿದ ಜೀರಿಗೆಯ ವಾಸನೆಯೂ ಬೆಲ್ಲದ ಸುಟ್ಟ ಪರಿಮಳವೂ ಸೇರಿಕೊಳ್ಳುತ್ತವೆ. ಒಬ್ಬರ ಚಿಗಳಿಯಂತೆ ಇನ್ನೊಬ್ಬರದು ಇರುವುದಿಲ್ಲ. ಒಂದರಲ್ಲಿ ಖಾರ ಹೆಚ್ಚು, ಇನ್ನೊಂದರಲ್ಲಿ ಹಳೆಯ ಹುಣಸೆ. ಕಾರ್ಖಾನೆಗೆ ಇದು ದೋಷವಾಗಿ ಕಂಡೀತು. ಅಡುಗೆಮನೆಗೆ ಇದು ಕೈಗುಣ.

ಮಾಡುವ ಬಗೆ ಸರಳ. ಬೀಜ, ಸಿಪ್ಪೆ, ಉದ್ದನೆಯ ನಾರುಗಳನ್ನು ಬಿಡಿಸಿದ ಹುಣಸೆಹಣ್ಣನ್ನು ಒರಳಿಗೆ ಹಾಕಬೇಕು. ಬೆಲ್ಲ, ಉಪ್ಪು, ಹುರಿದ ಜೀರಿಗೆ, ಒಣಮೆಣಸಿನಕಾಯಿ ಸೇರಿಸಿ, ನೀರು ತಾಗಿಸದೆ, ಎಲ್ಲವೂ ಒಂದೇ ಮುದ್ದೆಯಾಗುವವರೆಗೆ ಕುಟ್ಟಬೇಕು. ಕೆಲವರು ಬೆಳ್ಳುಳ್ಳಿಯನ್ನೂ ಹಾಕುತ್ತಾರೆ. ಮುದ್ದೆಯನ್ನು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ದಂಟಿಗೋ ಕಡ್ಡಿಗೋ ಒತ್ತಿದರೆ ಚಿಗಳಿ ಸಿದ್ಧ. ಉಪ್ಪು, ಬೆಲ್ಲ, ಹುಳಿ ಮೂರೂ ಕೆಡದಂತೆ ಕಾಯುವ ವಸ್ತುಗಳಾದುದರಿಂದ ನೀರು ಸೋಕದಿದ್ದರೆ ಬಹುದಿನ ಉಳಿಯುತ್ತದೆ.

ಈ ಚಿಕ್ಕ ಉಂಡೆಯ ವಿಳಾಸಗಳನ್ನು ಹುಡುಕಿದರೆ ಒಂದು ಭೂಗೋಳವೇ ತೆರೆದುಕೊಳ್ಳುತ್ತದೆ. ಹುಣಸೆ ಬಂದದ್ದು ಹೊಲದ ಬದುವಿನಿಂದ. ಬೆಲ್ಲ ಬಂದದ್ದು ಆಲೆಮನೆಯಿಂದ. ಮೆಣಸಿನಕಾಯಿಗೆ ನೆರೆಯ ಸಂಕೇಶ್ವರದ ಹೆಸರೇ ಇದೆ. ಉದ್ದನೆಯ, ತೆಳ್ಳನೆಯ, ಖಾರವಾದ ಸಂಕೇಶ್ವರ ಮೆಣಸಿನಕಾಯಿ ಗಡಿಯಾಚೆಯ ಮರಾಠಿ ಅಡುಗೆಮನೆಗಳಲ್ಲಿಯೂ ಪ್ರಸಿದ್ಧ. ದಂಟು ಜೋಳದ ಹೊಲದ್ದು. ಜೀರಿಗೆ ಮತ್ತು ಉಪ್ಪು ಮಾತ್ರ ದೂರದಿಂದ ಸಂತೆಗೆ ಬಂದವು. ಪೆಪ್ಪರಮೆಂಟಿನಲ್ಲಿ ಒಂದು ಬೆಳೆ ಹಲವು ವೇಷ ಹಾಕಿತ್ತು. ಚಿಗಳಿಯಲ್ಲಿ ಹಲವು ಬೆಳೆಗಳು ತಮ್ಮ ತಮ್ಮ ಮುಖದಲ್ಲಿಯೇ ಬಂದು ಕೂತಿವೆ. ಎರಡು ಮಿಠಾಯಿಗಳ ನಡುವಣ ನಿಜವಾದ ವ್ಯತ್ಯಾಸವೆಂದರೆ ಇದೇ. ಕೈಯಿಂದ ಮಾಡಿದ್ದು ಮೇಲು, ಯಂತ್ರದ್ದು ಕೀಳು ಎಂಬ ಭಾವುಕತೆಗೆ ಇಲ್ಲಿ ಎಡೆಯಿಲ್ಲ.

ಮಾರುಕಟ್ಟೆಗೆ ಗೊತ್ತಾದ ಗುಟ್ಟು

ಚಿಗಳಿ ಹಳೆಯ ಕಾಲದ ರುಚಿ, ಇಂದಿನ ಮಕ್ಕಳಿಗೆ ಹಿಡಿಸದು ಎನ್ನುವವರಿದ್ದಾರೆ. ಮಾರುಕಟ್ಟೆ ಬೇರೆಯದನ್ನೇ ಹೇಳುತ್ತದೆ. 2015ರಲ್ಲಿ ಪಲ್ಸ್ ಎಂಬ ಒಂದು ರೂಪಾಯಿಯ ಪೆಪ್ಪರಮೆಂಟು ಮಾರಾಟಕ್ಕೆ ಬಂದಿತು. ಹೊರಗೆ ಮಾವಿನಕಾಯಿಯ ಹುಳಿ, ಒಳಗೆ ಉಪ್ಪು ಮಸಾಲೆಯ ಪುಡಿ. ಎಂಟು ತಿಂಗಳಲ್ಲಿ ಅದರ ಮಾರಾಟ ನೂರು ಕೋಟಿ ರೂಪಾಯಿ ಮುಟ್ಟಿತೆಂದು ಪತ್ರಿಕೆಗಳು ವರದಿ ಮಾಡಿದವು. ಇಷ್ಟು ಜನರು ಹೊಸದೆಂದು ಚಪ್ಪರಿಸಿದ ಆ ರುಚಿ ಯಾವುದು? ಕಲ್ಲೆಸೆದು ಉರುಳಿಸಿದ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದ ಪ್ರತಿ ಹಳ್ಳಿಯ ಮಗುವಿಗೂ ಅದು ಗೊತ್ತಿದ್ದ ರುಚಿ. ಹುಳಿಗೆ ಉಪ್ಪು ಸೇರಿಸುವ ಗುಟ್ಟು ಬುಟ್ಟಿಯ ಅಜ್ಜಿಯಲ್ಲಿತ್ತು; ಲಾಭ ಮಾತ್ರ ಬೇರೆ ಕಡೆ ಹೋಯಿತು. ನಾಲಿಗೆ ಬದಲಾಗಿಲ್ಲ, ನಾಲಿಗೆಗೂ ಮರಕ್ಕೂ ಇದ್ದ ದಾರಿ ಕಡಿದಿದೆ.

ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಮೆಕ್ಸಿಕೋ ದೇಶದಲ್ಲಿಯೂ ಚಿಗಳಿಯ ಒಡಹುಟ್ಟಿದ ತಿನಿಸೊಂದಿದೆ. ಹುಣಸೆಯ ತಿರುಳಿಗೆ ಸಕ್ಕರೆ, ಉಪ್ಪು, ಮೆಣಸಿನಪುಡಿ ಬೆರೆಸಿದ ಮಿಠಾಯಿ ಅಲ್ಲಿನ ಮಕ್ಕಳಿಗೆ ಪ್ರಾಣ. ಹುಣಸೆಯ ಮೂಲ ಆಫ್ರಿಕಾ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರಾದರೂ ಅದು ಭಾರತಕ್ಕೆ ಎಷ್ಟು ಹಿಂದೆ ಬಂದು ನೆಲೆಸಿತೆಂದರೆ, ಅರಬರು ಅದನ್ನು ಹಿಂದುಸ್ತಾನದ ಖರ್ಜೂರವೆಂದೇ ಕರೆದರು. ಆ ಅರಬ್ಬೀ ಹೆಸರಿನಿಂದಲೇ ಟ್ಯಾಮರಿಂಡ್ ಎಂಬ ಪದ ಹುಟ್ಟಿತು. ಸ್ಪೇನಿನವರ ಆಳ್ವಿಕೆಯ ಕಾಲದಲ್ಲಿ ಹುಣಸೆ ಮೆಕ್ಸಿಕೋ ಸೇರಿತು. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಹೀಗೆ ಒಂದು ಆಚೆ ಹೋಗಿ, ಇನ್ನೊಂದು ಈಚೆ ಬಂದು, ಎರಡು ಖಂಡಗಳ ತಾಯಂದಿರು ಒಬ್ಬರಿಗೊಬ್ಬರು ತಿಳಿಯದೆ ಒಂದೇ ರುಚಿಯನ್ನು ಕಂಡುಕೊಂಡರು. ಮೆಕ್ಸಿಕೋದವರಿಗೆ ಆ ರುಚಿ ತಮ್ಮ ನಾಡಿನ ಗುರುತು. ಇಲ್ಲಿ ಅದು ಮರೆವಿನ ಅಂಚಿನಲ್ಲಿದೆ.

ಬದುವಿನ ಮರ ಎಲ್ಲಿ ಹೋಯಿತು?

ಮರಡಿ ಎಂದರೆ ದಿಣ್ಣೆ, ಚಿಕ್ಕ ಗುಡ್ಡ. ಈ ಊರಿನ ಹೆಸರೇ ನೆಲದ ಏರಿಳಿತವನ್ನು ಹೇಳುತ್ತದೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆಕಾಡು, ಪೂರ್ವಕ್ಕೆ ಬಯಲು. ನಡುವೆ ಹುಕ್ಕೇರಿ ಸೀಮೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದಲ್ಲಿ ನಿಂತು, ಧೂಪದಾಳದ 1897ರ ಒಡ್ಡನ್ನು ದಾಟಿ, ಗೋಕಾಕದಲ್ಲಿ ಧುಮುಕಿ ಮುಂದೆ ಹೋಗುತ್ತಾಳೆ. ಈ ನದಿಯ ಗುಂಟ ನಡೆದರೆ ನಾಲಿಗೆಯ ನಕ್ಷೆಯೂ ಬದಲಾಗುತ್ತದೆ. ಘಟ್ಟದ ಮೇಲೆ ಮುರುಗಲು, ಹಲಸು, ನೇರಳೆ, ಕವಳಿ. ಕೆಳಗಿಳಿದಂತೆ ಸೀತಾಫಲ, ಬಾರಿಹಣ್ಣು, ಬೇಲ, ಹುಣಸೆ. ಮಳೆ ಹೆಚ್ಚಿದ್ದಲ್ಲಿ ಒಂದು ಹುಳಿ, ಕಡಿಮೆಯಾದಲ್ಲಿ ಇನ್ನೊಂದು ಹುಳಿ. ಪ್ರಕೃತಿ ಹುಳಿಯನ್ನು ಎಲ್ಲರಿಗೂ ಹಂಚಿದೆ, ಮರ ಬೇರೆ ಬೇರೆ ಕೊಟ್ಟಿದೆ.

ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆಯಲ್ಲಿ ರಸಾಯನಶಾಸ್ತ್ರವೂ ಇದೆ. ಬಹುತೇಕ ಹಣ್ಣುಗಳು ಮಾಗಿದಂತೆ ಹುಳಿ ಕಳೆದುಕೊಂಡು ಸಿಹಿಯಾಗುತ್ತವೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಮಾಗಿದ ಮೇಲೂ ಕರಗುವುದಿಲ್ಲ. ತಿರುಳಿನಲ್ಲಿ ನೂರಕ್ಕೆ 8ರಿಂದ 18ರಷ್ಟು ಆ ಆಮ್ಲವೇ ಇರುತ್ತದೆ. ಜೊತೆಗೆ ಸಕ್ಕರೆಯೂ ಸಾಕಷ್ಟಿರುತ್ತದೆ. ಹುಳಿಯೂ ಸಿಹಿಯೂ ಒಟ್ಟಿಗೆ ತುಂಬಿರುವ ಇಂತಹ ಹಣ್ಣು ಅಪರೂಪ. ಹುಣಸೆ ಹುಟ್ಟಿನಿಂದಲೇ ಅರ್ಧ ಮಿಠಾಯಿ.

ಬರಗಾಲಕ್ಕೂ ಜಗ್ಗದ ಮರವಿದು. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಬೆಳೆದ ಮರ ವರ್ಷಕ್ಕೆ ಕ್ವಿಂಟಾಲಿಗೂ ಮಿಗಿಲಾಗಿ ಕಾಯಿ ಕೊಡಬಲ್ಲದು, ನೂರಾರು ವರ್ಷ ಬಾಳಬಲ್ಲದು. ಹೂ ಬಿಟ್ಟಾಗ ಜೇನಿಗೆ ಹಬ್ಬ. ಚಿಗುರು ಸಾರಿಗೆ, ಹಣ್ಣು ವರ್ಷವಿಡೀ ಅಡುಗೆಗೆ. ಬೀಜದ ಹಿಟ್ಟು ನೂಲಿಗೆ ಗಂಜಿಯಾಗುತ್ತದೆ. ಅದೇ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮುಖ ಬೆಳ್ಳಗೆ ಮಾಡಿ ಚೌಕಾಬಾರದ ದಾಳ ಮಾಡಿಕೊಂಡವರು ಈ ಸಭೆಯಲ್ಲಿ ಇರಲೇಬೇಕು. ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ, ಹೊಲದಲ್ಲಿ ಕೆಲಸ ಕಡಿಮೆಯಿರುವ ದಿನಗಳಲ್ಲಿ, ಹುಣಸೆ ಬಡಿಯುವುದು, ಸಿಪ್ಪೆ ಸುಲಿಯುವುದು, ಬೀಜ ಬಿಡಿಸುವುದು ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ತರುವ ದುಡಿಮೆಯೂ ಆಗಿದೆ.

ಇಂತಹ ಮರ ಏಕೆ ಹೋಗುತ್ತದೆ? ಇದಕ್ಕೆ ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ನೀರಾವರಿಯೊಡನೆ ಕಬ್ಬು ಹರಡಿತು. ಕಬ್ಬು ಪೂರ್ತಿ ಬಿಸಿಲು ಬೇಡುವ ಬೆಳೆ. ಬದುವಿನ ಮರದ ನೆರಳು ಅದಕ್ಕೆ ಆಗದು. ಟ್ರ್ಯಾಕ್ಟರು ತಿರುಗುವುದಕ್ಕೂ ಮರ ಅಡ್ಡಿ. ನೆರಳಿನಡಿಯ ಎರಡು ಸಾಲು ಕಬ್ಬು ಸೊರಗಿದರೆ ಎಷ್ಟು ನಷ್ಟವೆಂಬ ಲೆಕ್ಕ ರೈತನಿಗೆ ತಟ್ಟನೆ ಸಿಗುತ್ತದೆ. ಮರ ಕೊಟ್ಟದ್ದರ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಕಾರ್ಖಾನೆ ಕೊಟ್ಟ ಬಿಲ್ಲಿನಿಂದ ಸಾಲ ತೀರಿಸಿ, ಮಗಳ ಮದುವೆ ಮಾಡಿದ ರೈತನಿಗೆ ಕಬ್ಬು ಬಿಡಿರೆಂದು ಉಪದೇಶಿಸುವುದು ಸಲ್ಲದು. ಚಿಗಳಿಯ ಬೆಲ್ಲವೂ ಕಬ್ಬಿನದೇ ಅಲ್ಲವೇ? ಆದರೆ ಹೊಲಕ್ಕೆ ಕಬ್ಬು ಬಂದಾಗ ಬದುವಿನಿಂದ ಮರವೂ ಹೋಗಲೇಬೇಕೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ನೀರು ಕೈಕೊಟ್ಟ ವರ್ಷ ಕಬ್ಬು ಒಣಗುತ್ತದೆ, ಹುಣಸೆ ನಿಲ್ಲುತ್ತದೆ.

ಇನ್ನೊಂದು ಕಾರಣ ರಸ್ತೆ. ಪುಣೆ-ಬೆಂಗಳೂರು ಹೆದ್ದಾರಿ ಈ ಊರಿನ ಮಗ್ಗುಲಲ್ಲಿಯೇ ಹಾದಿದೆ. ಹಳೆಯ ಹೆದ್ದಾರಿಗಳೆಂದರೆ ಹುಣಸೆ, ಆಲ, ಬೇವಿನ ಸಾಲುಮರಗಳು. ದೇಶದ ನಾಲ್ಕು ಮಹಾನಗರಗಳನ್ನು ಜೋಡಿಸುವ ಸುವರ್ಣ ಚತುಷ್ಪಥ ಯೋಜನೆಯ ಕಾಲದಿಂದ ರಸ್ತೆಗಳು ಅಗಲವಾಗುತ್ತ ಬಂದವು, ಸಾಲುಮರಗಳು ತೆರವಾದವು. ರಸ್ತೆಬದಿಯ ಹುಣಸೆಯ ಫಸಲನ್ನು ಹರಾಜು ಹಾಕುವ ಪದ್ಧತಿ ನಾಡಿನ ಅನೇಕ ಕಡೆ ಇದೆ. ಮರ ಹೋದಲ್ಲಿ ಸಾರ್ವಜನಿಕ ಬೊಕ್ಕಸಕ್ಕೆ ಬರುವ ಆ ಹಣವೂ ನಿಂತಿತು, ದಾರಿಹೋಕನ ನೆರಳೂ ಹೋಯಿತು. ಹುಣಸೆಮರದಲ್ಲಿ ದೆವ್ವವಿದೆ ಎಂಬ ನಂಬಿಕೆಯನ್ನು ವಿಚಾರವಂತರು ನಗೆಯಾಡಿದರು. ದೆವ್ವದ ಅಂಜಿಕೆ ಹೋದದ್ದು ಒಳ್ಳೆಯದೇ. ಅದರ ಜೊತೆಗೆ ಕೊಡಲಿಯ ಅಂಜಿಕೆಯೂ ಹೋಯಿತು.

ಬೆಲೆ ಬಂದರೆ ಸಾಲದು

ಹಾಗಾದರೆ ಹುಣಸೆಗೆ ಒಳ್ಳೆಯ ಬೆಲೆ ಬಂದರೆ ಮರ ತಾನಾಗಿ ಉಳಿಯುತ್ತದೆಯೇ? ಘಟ್ಟದ ಜನರಿಗೆ ಇದರ ಉತ್ತರ ಅನುಭವದಿಂದ ಗೊತ್ತಿದೆ. ಸಹ್ಯಾದ್ರಿಯ ಕಾಡಿನ ಉಪ್ಪಾಗೆಯ ಸಿಪ್ಪೆಯಲ್ಲಿರುವ ಹುಳಿಯಿಂದ ಬೊಜ್ಜು ಕರಗಿಸುವ ಔಷಧ ಮಾಡಬಹುದೆಂದು 1990ರ ದಶಕದಲ್ಲಿ ವಿದೇಶಗಳಲ್ಲಿ ಬೇಡಿಕೆ ಎದ್ದಿತು. ಉತ್ತರ ಕನ್ನಡದ ಕಾಡುಗಳಲ್ಲಿ ಅದುವರೆಗೆ ಮನೆಬಳಕೆಗಷ್ಟೇ ಆಯುತ್ತಿದ್ದ ಹಣ್ಣಿಗೆ ಒಮ್ಮೆಲೇ ಬೆಲೆ ಬಂದಿತು. ತಾನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ಯುವನೆಂಬ ಪೈಪೋಟಿಯಲ್ಲಿ ಹಣ್ಣಾಗುವ ಮೊದಲೇ ಕಾಯಿ ಕಿತ್ತರು, ಕೊಂಬೆಗಳನ್ನೇ ಕಡಿದರು. ಮಳೆಗಾಲದಲ್ಲಿ ಮಾಗುವ ಹಣ್ಣಾದುದರಿಂದ ಅದನ್ನು ಒಣಗಿಸಲು ರಾಶಿ ರಾಶಿ ಕಟ್ಟಿಗೆಯೂ ಉರಿಯಿತು. ಆ ಬಳಿಕ ಕಟ್ಟಿಗೆ ಉಳಿಸುವ ಒಲೆಗಳೂ ಮಾಗಿದ ಹಣ್ಣನ್ನೇ ಆಯುವ ಶಿಸ್ತೂ ಘಟ್ಟದ ಸಂಘಟನೆಗಳ ಮುಖ್ಯ ಕೆಲಸಗಳಾದವು.

ಉಪ್ಪಾಗೆಯ ಪಾಠವಿಷ್ಟು: ಬೆಲೆಯಿಲ್ಲದ ಮರವನ್ನು ಉಪೇಕ್ಷೆ ಕಡಿಯುತ್ತದೆ, ಬೆಲೆಯುಳ್ಳ, ಆದರೆ ಒಡೆಯರಿಲ್ಲದ ಮರವನ್ನು ಆಸೆ ಕಡಿಯುತ್ತದೆ. ಮರದ ಹತ್ತಿರವೇ ಇರುವವರು ಅದರ ಹಣ್ಣನ್ನು ತಿನ್ನಬೇಕು, ಮಾರಬೇಕು, ಮುಂದಿನ ವರ್ಷಕ್ಕೂ ಅದು ಬೇಕೆಂದು ಬಯಸಬೇಕು. ಆಗ ಮಾತ್ರ ಬೆಲೆ ಕಾವಲಾಗುತ್ತದೆ. ದೂರದ ಊರಿನ ಔಷಧದ ಡಬ್ಬಿಗಿಂತ ಹತ್ತಿರದ ಶಾಲೆಯ ಗೇಟಿನ ಚಿಗಳಿ ಮರಕ್ಕೆ ಹೆಚ್ಚು ಹಿತವಾದದ್ದು.

ಕಡ್ಡಿ, ಹಾಳೆ ಮತ್ತು ಶುಚಿ

ತಿಂದು ಮುಗಿದ ಮೇಲೆ ಎರಡೂ ಕೈಗಳನ್ನು ಮತ್ತೊಮ್ಮೆ ನೋಡಬೇಕು. ಒಂದರಲ್ಲಿ ಜೋಳದ ದಂಟು ಉಳಿದಿದೆ. ಎಸೆದರೆ ಎಮ್ಮೆ ತಿನ್ನುತ್ತದೆ, ಇಲ್ಲವೇ ಮಣ್ಣಾಗುತ್ತದೆ. ಇನ್ನೊಂದರಲ್ಲಿ ಉಳಿದಿರುವ ಹಾಳೆಯನ್ನು ಎಮ್ಮೆ ತಿಂದರೆ ಎಮ್ಮೆಗೇ ಕೇಡು. 2022ರ ಜುಲೈ 1ರಿಂದ ಕೇಂದ್ರ ಸರಕಾರ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿತು. ಆ ಪಟ್ಟಿಯಲ್ಲಿ ಮಿಠಾಯಿಯ ಪ್ಲಾಸ್ಟಿಕ್ ಕಡ್ಡಿಯೂ ಸೇರಿದೆ. ಕಡ್ಡಿ ಹೋಯಿತು, ಸುತ್ತುವ ಹಾಳೆ ಉಳಿಯಿತು. ಬುಟ್ಟಿಯ ಅಜ್ಜಿಗೆ ಮಾತ್ರ ಈ ಕಾನೂನಿನಿಂದ ಏನನ್ನೂ ಬದಲಿಸಬೇಕಾದ ಅಗತ್ಯ ಬೀಳಲಿಲ್ಲ.

ಆದರೆ ಚಿಗಳಿಯನ್ನೂ ಕಣ್ಣುಮುಚ್ಚಿ ಹೊಗಳಬಾರದು. ತೆರೆದ ಬುಟ್ಟಿಗೆ ದೂಳು ಬೀಳುತ್ತದೆ, ನೊಣ ಕೂರುತ್ತದೆ. ಮೆಕ್ಸಿಕೋದ ಹುಣಸೆ ಮಿಠಾಯಿಯಿಂದ ಇಲ್ಲಿಯೂ ಒಂದು ಎಚ್ಚರ ಕಲಿಯಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಾರಾಟವಾಗುತ್ತಿದ್ದ ಆ ಬಗೆಯ ಮಿಠಾಯಿಗಳಲ್ಲಿ ಸೀಸದ ಅಂಶವಿರುವುದನ್ನು ಆರೆಂಜ್ ಕೌಂಟಿ ರಿಜಿಸ್ಟರ್ ಪತ್ರಿಕೆ 2004ರಲ್ಲಿ ಬಯಲಿಗೆಳೆಯಿತು. ಮರುವರ್ಷವೇ ಆ ರಾಜ್ಯ ಮಿಠಾಯಿಯಲ್ಲಿ ಸೀಸವನ್ನು ತಡೆಯುವ ಕಾನೂನು ಮಾಡಿತು. ಶುಚಿಯಾಗಿ ಒಣಗಿಸದ ಮೆಣಸಿನಕಾಯಿ, ಮೆರುಗು ಹಚ್ಚಿದ ಮಣ್ಣಿನ ಕುಡಿಕೆ, ಹಾಳೆಯ ಮೇಲಿನ ಶಾಯಿ ಇವುಗಳಿಂದ ಸೀಸ ಸೇರುತ್ತಿತ್ತು. ಹುಳಿಗೆ ಲೋಹವನ್ನು ಕರಗಿಸಿಕೊಳ್ಳುವ ಗುಣವಿದೆ. ಆದುದರಿಂದ ಹುಣಸೆಯನ್ನೂ ಮೆಣಸಿನಕಾಯಿಯನ್ನೂ ಹೆದ್ದಾರಿಯ ಡಾಂಬರಿನ ಮೇಲೆ ಒಣಗಿಸಬಾರದು. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಡಬಾರದು. ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಡಬಾರದು. ಮುದ್ರಣದ ಶಾಯಿಯ ಅಪಾಯವನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ಕಲ್ಲಿನ ಒರಳು, ಗಾಜಿನ ಭರಣಿ, ಮುತ್ತುಗದ ಎಲೆ ಇದ್ದರೆ ಸಾಕು. ಹಲ್ಲಿನ ವಿಚಾರದಲ್ಲಿ ಎರಡೂ ಮಿಠಾಯಿಗಳು ಒಂದೇ. ತಿಂದ ಮೇಲೆ ಬಾಯಿ ಮುಕ್ಕಳಿಸಲೇಬೇಕು.

ಮಾಡಬಹುದಾದ 4 ಕೆಲಸಗಳು

ಮಾತು ಮಾತಾಗಿಯೇ ಉಳಿಯಬಾರದು. ಇದಕ್ಕೆ ದೊಡ್ಡ ಹಣವಾಗಲಿ ದೊಡ್ಡ ಅಧಿಕಾರಿಗಳಾಗಲಿ ಬೇಕಿಲ್ಲ.

ಮೊದಲನೆಯದು ಎಣಿಕೆ. ಪ್ರತಿ ಶಾಲೆಯ ಮಕ್ಕಳು ತಮ್ಮ ಊರಿನ ಹುಣಸೆಮರಗಳನ್ನು ಎಣಿಸಿ, ಬುಡದ ಸುತ್ತಳತೆ ಬರೆದು, ಹಿರಿಯರಿಂದ ಮರದ ವಯಸ್ಸು ಕೇಳಿ ದಾಖಲಿಸಬೇಕು. ಯಾವ ಮರದ ಹಣ್ಣು ಹೆಚ್ಚು ಸಿಹಿ, ಯಾವುದರ ತಿರುಳು ಕೆಂಪು ಎಂಬುದು ಅಜ್ಜಿಯರಿಗೆ ತಿಳಿದಿರುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲೆಯೂ ಇರಬೇಕು. ಈ ಎಣಿಕೆ ಆ ದಾಖಲೆಗೆ ಸೇರಬೇಕು. ದಾಖಲೆಯಲ್ಲಿರುವ ಮರವನ್ನು ಸದ್ದಿಲ್ಲದೆ ಕಡಿಯುವುದು ಕಷ್ಟ.

ಎರಡನೆಯದು ನೆಡುವುದು. ಬೀಜದ ಸಸಿ ಫಲ ಕೊಡಲು ಎಂಟು ಹತ್ತು ವರ್ಷ ಬೇಕು. ಕಸಿ ಗಿಡಕ್ಕೆ ನಾಲ್ಕೈದು ವರ್ಷ ಸಾಕು. ಕಬ್ಬಿನ ಹೊಲದ ನಡುವೆ ಬೇಡವೆಂದರೆ ಹಳ್ಳದ ದಂಡೆ, ಗೋಮಾಳ, ಶಾಲೆಯ ಅಂಗಳ, ದೇವಸ್ಥಾನದ ಜಾಗ, ಮರಡಿಯ ಇಳಿಜಾರು ಇವೆ. ಊರಿನ ಅತ್ಯುತ್ತಮ ಹಣ್ಣಿನ ಮರದಿಂದಲೇ ಕುಡಿ ತಂದು ಕಸಿ ಕಟ್ಟಿದರೆ ಆ ಮರ ಹೋದರೂ ರುಚಿ ಉಳಿಯುತ್ತದೆ.

ಮೂರನೆಯದು ಮಾರಾಟ. ಸ್ವಸಹಾಯ ಸಂಘದ ತಾಯಂದಿರು ಸುಗ್ಗಿಯ ಕಾಲದಲ್ಲಿ ಹುಣಸೆ ಕೊಂಡು, ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ಶುಚಿಯಾಗಿ ಚಿಗಳಿ ಕುಟ್ಟಿ ಜಾತ್ರೆ, ಸಂತೆ, ಶಾಲಾ ದಿನಗಳಲ್ಲಿ ಮಾರಬಹುದು. ಇದರಿಂದ ಕೋಟಿಗಳ ವ್ಯಾಪಾರವಾಗದು. ಆದರೆ ಬದುವಿನ ಮರದ ಲೆಕ್ಕ ಪುಸ್ತಕದಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು ರುಚಿಯ ಶಿಕ್ಷಣ. ವರ್ಷಕ್ಕೊಂದು ದಿನ, ಮಾರ್ಚ್ ತಿಂಗಳ ಪರೀಕ್ಷೆಗೆ ಮುನ್ನ, ಶಾಲೆಯಲ್ಲಿ ಒರಳು ತಂದಿಟ್ಟು ಮಕ್ಕಳೇ ಚಿಗಳಿ ಕುಟ್ಟಲಿ. ಘಟ್ಟದ ಶಾಲೆಗಳವರು ಮುರುಗಲಿನಿಂದಲೋ ಹಲಸಿನಿಂದಲೋ ತಮ್ಮ ಮಿಠಾಯಿ ಮಾಡಲಿ. ಎರಡು ಕಡೆಯ ಮಕ್ಕಳು ಬುಟ್ಟಿ ಬದಲಾಯಿಸಿಕೊಳ್ಳಲಿ. ಘಟಪ್ರಭೆಯ ಮೇಲಿನ ದಂಡೆಯವರೂ ಕೆಳಗಿನ ದಂಡೆಯವರೂ ಒಂದೇ ನದಿಯವರೆಂಬುದು ಭಾಷಣಕ್ಕಿಂತ ಬೇಗ ನಾಲಿಗೆಗೆ ತಿಳಿಯುತ್ತದೆ.

ಪೆಪ್ಪರಮೆಂಟು ಇರಲಿ. ಮಕ್ಕಳ ಜೇಬಿನಿಂದ ಅದನ್ನು ಕಸಿಯುವುದು ಈ ಮಾತಿನ ಉದ್ದೇಶವಲ್ಲ. ಅದರ ಜೊತೆಗೆ ಇನ್ನೊಂದು ರುಚಿಯೂ ಜೇಬಿನಲ್ಲಿರಲಿ ಎಂಬುದಷ್ಟೇ ಬಿನ್ನಹ. ಮಾವಿನ ಮರ ಒಂದೂ ಇಲ್ಲದ ಲೋಕದಲ್ಲಿಯೂ ಮಾವಿನ ಪರಿಮಳದ ಪೆಪ್ಪರಮೆಂಟು ತಯಾರಾಗಬಲ್ಲದು. ಹುಣಸೆಮರವಿಲ್ಲದೆ ಚಿಗಳಿ ಆಗದು. ಆ ಆಗದಿರುವಿಕೆಯೇ ಅದರ ದೊಡ್ಡ ಗುಣ. ಚಿಗಳಿಯನ್ನು ಬಯಸುವ ಮಗು ತನಗೆ ತಿಳಿಯದೆಯೇ ಒಂದು ಮರವನ್ನು ಬಯಸುತ್ತದೆ.

ಚಿಗಳಿ ಕುಟ್ಟುವಾಗ ಬಿಡಿಸಿದ ಹುಣಸೆಬೀಜಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಇಡಲಾಗಿದೆ. ಹೋಗುವಾಗ ಪ್ರತಿಯೊಬ್ಬರೂ ಒಂದು ಹಿಡಿ ಒಯ್ಯಬೇಕು. ಮಕ್ಕಳು ಅವುಗಳಲ್ಲಿ ನಾಲ್ಕನ್ನು ತಿಕ್ಕಿ ದಾಳ ಮಾಡಿಕೊಳ್ಳಲಿ. ಉಳಿದವು ಮೊದಲ ಮಳೆಗೆ ಮಣ್ಣು ಸೇರಲಿ.